ಎಲ್ಲಾರೂ ಬರ್ರಿ ಅಂದರೆ ಹೇಳಿದಂತಾಯಿತೆ?

ಸೋಮವಾರ ಮೊದಲ ಪಿರಿಯಡ್‌ನಲ್ಲಿ ಸೀಮೆಸುಣ್ಣಕ್ಕೆಂದು ಚೀಲದೊಳಗೆ ಕೈ ಹಾಕಿದೆ. ಹೊರಗೆ ತೆಗೆದಾಗ ಐದೂ ಬೆರಳು ಕೆಂಪಾಗಿದ್ದವು. ಮುಂದಿನ ಬೆಂಚಿನ ಹುಡುಗಿ ಗಾಬರಿಯಾಗಿ ಎದ್ದು ನಿಂತು, "ಸರ್, ಕೈಗಿ ಏನಾತ್ರಿ?" ಎಂದಳು. ಏನೂ ಆಗಿರಲಿಲ್ಲ. ಹೋದ ವಾರ ಹೆಂಡತಿ ನನ್ನ ಚೀಲದಲ್ಲಿಟ್ಟು ಕಳಿಸಿದ್ದ ಕುಂಕುಮದ ಭರಣಿಯನ್ನು ತೆಗೆದಿಡಲು ಮರೆತಿದ್ದೆ. ಅದರ ಮುಚ್ಚಳ ಸಡಿಲಾಗಿ ಸೀಮೆಸುಣ್ಣ, ಕನ್ನಡಕದ ಡಬ್ಬಿ, ಹತ್ತನೆಯ ತರಗತಿಯ ಉತ್ತರಪತ್ರಿಕೆಗಳು, ಎಲ್ಲವೂ ಮುತ್ತೈದೆಯರಂತೆ ಕೆಂಪಗೆ ಕೂತಿದ್ದವು. ಮಕ್ಕಳು ನಕ್ಕರು. ನಾನೂ ನಗಬಹುದಿತ್ತು. ಆದರೆ ಆ ದಿನ ಬೋರ್ಡಿನ ಮೇಲೆ ಬರೆಯಬೇಕಾಗಿದ್ದ ಪಾಠ ಯಾವುದೆಂದು ನೆನಪಾದೊಡನೆ ನಗುವಿನ ಬದಲು ಸಿಟ್ಟು ಬಂತು. ಅದು ಇಂಗ್ಲಿಷಿನ ಸೇ ಮತ್ತು ಟೆಲ್ ಎಂಬ ಎರಡು ಕ್ರಿಯಾಪದಗಳ ಪಾಠ. ಆ ಭರಣಿ ನನ್ನ ಚೀಲ ಸೇರಿದ್ದೂ ಅವೆರಡರ ದೆಸೆಯಿಂದಲೇ.

ನೀವು ಇಂಗ್ಲಿಷ್ ಕಲಿಸುವವರಲ್ಲದಿದ್ದರೆ ಅದು ನಿಮ್ಮ ಪುಣ್ಯ. ನಾನಂತೂ ತಲೆಗೂದಲು ಕಪ್ಪಗಿದ್ದ ಕಾಲದಿಂದ ಜೇವರ್ಗಿಯ ಹೈಸ್ಕೂಲೊಂದರಲ್ಲಿ ಅದೇ ಕೆಲಸ ಮಾಡಿಕೊಂಡು ಬಂದಿದ್ದೇನೆ. ಭೂತಕಾಲ, ಭವಿಷ್ಯತ್ಕಾಲ ಎಲ್ಲವನ್ನೂ ನಮ್ಮ ಮಕ್ಕಳು ಹೇಗೋ ದಾಟಿಬಿಡುತ್ತಾರೆ. ಈ ಎರಡು ಪದಗಳ ಹತ್ತಿರ ಬಂದರೆ ಮಾತ್ರ ಚಕ್ಕಡಿ ಹೂತಂತೆ ನಿಲ್ಲುತ್ತಾರೆ. ಒಂದು ಕಾಲಕ್ಕೆ ನನ್ನೆದುರು ಕೂತು "ಹಿ ಸೆಡ್ ಮಿ" ಎಂದು ಬರೆದವರ ಮಕ್ಕಳು ಈಗ ಅದೇ ಬೆಂಚಿನಲ್ಲಿ ಕೂತು "ಹಿ ಸೆಡ್ ಮಿ" ಎಂದೇ ಬರೆಯುತ್ತಾರೆ. ಹೊಲ ಪಾಲಾಗುವಾಗ ಒಂದು ಎಕರೆ ಹೆಚ್ಚುಕಡಿಮೆ ಆದೀತು, ಈ ತಪ್ಪು ಮಾತ್ರ ಒಂದಿಷ್ಟೂ ಸವೆಯದೆ ಅಪ್ಪನಿಂದ ಮಗನ ಪಾಲಿಗೆ ಬರುತ್ತದೆ.

ವಿಷಯವೇನೂ ದೊಡ್ಡದಲ್ಲ. ಸೇ ಎನ್ನುವುದಕ್ಕೆ ಮಾತೊಂದಿದ್ದರೆ ಸಾಕು, ಟೆಲ್ ಎನ್ನುವುದಕ್ಕೆ ಎದುರಿಗೊಬ್ಬ ಮನುಷ್ಯ ಬೇಕು. ಟೆಲ್ ಬಂದ ಕೂಡಲೇ ಅದರ ಬೆನ್ನಿಗೇ ಯಾರಿಗೆ ಎಂಬುದೂ ಬರಬೇಕು. ನನಗೆ, ನಿನಗೆ, ಅವ್ವನಿಗೆ. ಯಾರೂ ಇಲ್ಲದ ಹೊಲದ ನಡುವೆ ನಿಂತು ಮಳೆ ಬರುವಂತಿದೆ ಎಂದರೆ ಅದು ಸೇ. ಮನೆಗೆ ಬಂದು ಹೆಂಡತಿಗೆ ಮಳೆ ಬರುವಂತಿದೆ, ಒಣಹಾಕಿದ ಜೋಳ ಒಳಗೆ ತಗೋ ಎಂದರೆ ಅದು ಟೆಲ್. ಹೀಗೆ ಬಿಡಿಸಿ ಬಿಡಿಸಿ ವಿವರಿಸಿ, ಗಂಟಲು ಒಣಗಿ, ಬಾಟಲಿಯ ನೀರು ಕುಡಿಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುತ್ತದೆ: "ಸರ್, ಎರಡೂ ಹೇಳೋದೇ ಅಲ್ಲೇನ್ರಿ?" ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿರಿ ಎಂದರೆ ಇವರು ತುಂಬುವುದು ಸೇ. ಯಾಕೆ ಎಂದು ಒಬ್ಬನನ್ನು ಕೇಳಿದೆ. "ಅದು ಸಣ್ಣದೈತ್ರಿ ಸರ್, ಬರಿಯಾಕ ಹಗುರ" ಎಂದ.

ಇದರಲ್ಲಿ ನನಗೆ ತಲೆ ಕೆಡುವ ಸಂಗತಿ ಏನೆಂದರೆ, ಈ ವ್ಯತ್ಯಾಸ ನಮ್ಮ ಜನಕ್ಕೆ ಗೊತ್ತಿಲ್ಲದ್ದೇನಲ್ಲ. ಪುಸ್ತಕದೊಳಗೆ ಬಂದಾಗ ಮಾತ್ರ ಗೊತ್ತಿಲ್ಲ. ಪುಸ್ತಕದ ಹೊರಗೆ ಜೇವರ್ಗಿ, ಆಳಂದ, ಅಫಜಲಪುರ ಈ ಮೂರು ತಾಲೂಕುಗಳಲ್ಲಿ ಇದೇ ವ್ಯತ್ಯಾಸಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಬೀಗರು ಮುಖ ತಿರುವಿದ್ದಾರೆ, ಮಾಡಿದ ಅಡುಗೆ ಉಳಿದಿದೆ.

ನಾನು ಹುಟ್ಟಿದ್ದು ಇಜೇರಿಯಲ್ಲಿ. ಆಗ ಊರಿನಲ್ಲಿ ಏನಾದರೂ ಸುದ್ದಿ ಇದ್ದರೆ ಹಲಗೆ ಬಾರಿಸಿ ಸಾರುತ್ತಿದ್ದರು. ನಾಳೆ ಕೆರೆ ಕೆಲಸ, ನಾಡಿದ್ದು ದನಗಳಿಗೆ ಸೂಜಿ, ಹೀಗೆ. ಹಲಗೆಯ ಸದ್ದು ಓಣಿಯ ಆ ತುದಿಯಲ್ಲಿ ಕೇಳಿಸಿದರೆ ನಾವು ಹುಡುಗರು ಊಟ ಬಿಟ್ಟು ಓಡುತ್ತಿದ್ದೆವು. ದೊಡ್ಡವರು ಮಾತ್ರ ಕೂತಲ್ಲಿಂದ ಏಳುತ್ತಿರಲಿಲ್ಲ. ಅದು ಊರಿಗೆ ಅಂದ ಮಾತು, ತಮಗೆ ಹೇಳಿದ್ದಲ್ಲ ಎಂಬ ಭಾವ. ಆದರೆ ಯಾರದಾದರೂ ಮನೆಯಲ್ಲಿ ಊಟವಿದ್ದರೆ ಮನೆಮನೆಗೆ ಹೋಗಿ ಹೇಳಬೇಕು. ಒಂದು ಸಲ ಹೇಳಿದರೂ ಸಾಲದು. ಎಲೆ ಹಾಕುವ ಹೊತ್ತಿಗೆ ಇನ್ನೊಮ್ಮೆ ಯಾರಾದರೂ ಹೋಗಿ, ಏಳ್ರಿ ಊಟಕ್ಕ ಎಂದು ಎಬ್ಬಿಸಿಕೊಂಡು ಬರಬೇಕು. ಹೊಟ್ಟೆ ಹಸಿದು ಬಾಗಿಲಲ್ಲೇ ಚಪ್ಪಲಿ ಹಾಕಿಕೊಂಡು ಕೂತವರೂ ಆ ಎರಡನೆಯ ಕರೆ ಬರುವವರೆಗೆ ಹೊಸ್ತಿಲು ದಾಟುತ್ತಿರಲಿಲ್ಲ.

ಒಂದು ಸಲ ನಮ್ಮ ಮನೆಯ ಊಟಕ್ಕೆ ಆ ಎರಡನೆಯ ಕರೆಯ ಕೆಲಸ ನಮ್ಮಣ್ಣನ ಪಾಲಿಗೆ ಬಂತು. ಅವನಿಗೆ ಗೋಲಿಯಾಟದ ಅವಸರ. ಓಣಿಯ ನಡುವಿನ ಬೇವಿನ ಕಟ್ಟೆ ಹತ್ತಿ, ಎರಡೂ ಕೈ ಬಾಯಿಗೆ ಹಿಡಿದು, "ಎಲ್ಲಾರೂ ಊಟಕ್ಕ ಬರ್ರೆಪೋ" ಎಂದು ಕೂಗಿ ಓಡಿಹೋದ. ಹುಗ್ಗಿ ಆರಿತು, ಸಾರು ಆರಿತು, ಒಬ್ಬರೂ ಬರಲಿಲ್ಲ. ನಮ್ಮ ಆಯಿ, ಅಪ್ಪನ ಅವ್ವ, ಅವನ ಕಿವಿ ಹಿಡಿದು ಮನೆಮನೆಗೂ ಕರೆದೊಯ್ದು, ಪ್ರತಿಯೊಬ್ಬರ ಹೆಸರು ಹಿಡಿದು ಹೇಳಿಸಿದಳು. ಜನ ಬಂದು ಉಂಡರು. ಕೂಗಿದ್ದು ಕೇಳಿಸಲಿಲ್ಲವೇ ಎಂದು ಅಪ್ಪ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಕೇಳಿಸ್ತ್ರಿ. ಹೇಳಿರಲಿಲ್ಲ."

ಈಗ ಕುಂಕುಮದ ಭರಣಿಗೆ ಬರುತ್ತೇನೆ. ನನ್ನ ಮಗಳು ಸುಧಾ ಹೆರಿಗೆಗೆಂದು ನಮ್ಮ ಮನೆಗೆ ಬಂದವಳು ಹೆಣ್ಣು ಕೂಸು ಹೆತ್ತಳು. ಅವಳ ಗಂಡನ ಮನೆ ಆಳಂದ. ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ ತವರುಮನೆಯಲ್ಲಿ, ಅಂದರೆ ನಮ್ಮ ಜೇವರ್ಗಿಯ ಮನೆಯಲ್ಲಿ. ಕೂಸಿನ ಕಿವಿಯಲ್ಲಿ ಮೊಟ್ಟಮೊದಲು ಹೆಸರು ಹೇಳುವವಳು ಸೋದರತ್ತೆ, ಅಂದರೆ ತಂದೆಯ ಅಕ್ಕ ಅಥವಾ ತಂಗಿ. ಅವಳು ಬಗ್ಗಿ ಕುರ್ರ್ ಎಂದು ಕಿವಿಯಲ್ಲಿ ಹೆಸರು ಹೇಳುತ್ತಾಳೆ, ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಧಬಧಬ ಗುದ್ದುತ್ತಾರೆ. ನಮ್ಮ ಅಳಿಯನಿಗೆ ಇರುವವಳು ಒಬ್ಬಳೇ ಅಕ್ಕ. ಹೆಸರು ಮಹಾದೇವಿ. ಅಫಜಲಪುರ ತಾಲೂಕಿನ ಅತನೂರಿಗೆ ಕೊಟ್ಟಿದ್ದಾರೆ.

ಹೇಳಿಕೆಯ, ಅಂದರೆ ಮನೆಮನೆಗೆ ಹೋಗಿ ಕರೆಯುವ, ಕೆಲಸ ನನ್ನ ತಲೆಗೆ ಬಂತು. ಹೆಂಡತಿ ಗಿರಿಜಾ ಬಾಣಂತಿಯನ್ನು ಬಿಟ್ಟು ಕದಲುವಂತಿರಲಿಲ್ಲ. ಅಳಿಯನಿಗೆ ಇದೆಲ್ಲ ಹಳೆಯ ಕಾಲದ ರಗಳೆ ಅನ್ನಿಸಿ, ಫೋನಿನಲ್ಲಿ ಒಂದು ವಾಟ್ಸಾಪ್ ಗುಂಪು ಮಾಡಿ, ಗುಲಾಬಿ ಬಣ್ಣದ ಕಾರ್ಡು ಹಾಕಿ, ಎಲ್ಲರಿಗೂ ಹಾರ್ದಿಕ ಸ್ವಾಗತ ಎಂದು ಬರೆದು ಕೈ ತೊಳೆದುಕೊಂಡ. ಸಾಲದ್ದಕ್ಕೆ ಸಾನ್ವಿ ಎಂಬ ಹೆಸರನ್ನೂ ಮೊದಲೇ ಸ್ಟೇಟಸ್ಸಿಗೆ ಏರಿಸಿದ. ಆ ಹೆಸರಿನ ಅರ್ಥವೇನಪ್ಪ ಎಂದರೆ ಫೋನಿನಲ್ಲಿ ನೋಡಿ ಹೇಳುತ್ತೇನೆ ಎಂದವನು ಇನ್ನೂ ನೋಡುತ್ತಲೇ ಇದ್ದಾನೆ. ಮುಂಬಯಿಯ ನೆಂಟರಿಂದ ಹಿಡಿದು ನಮ್ಮ ಹಾಲಿನವನವರೆಗೆ ಎಲ್ಲರಿಗೂ ಹೆಸರು ಗೊತ್ತಾಯಿತು. ತೊಟ್ಟಿಲಿಗೆ ಬರಬೇಕಾದ ಕೂಸಿಗೊಂದು ಬಿಟ್ಟು.

ಗುಂಪಿನಲ್ಲಿ ಕೈಮುಗಿದ ಚಿತ್ರ ಹಾಕಿದವರೇ ಮರುದಿನ ಗಿರಿಜಾಗೆ ಫೋನ್ ಮಾಡಿದರು. "ಏನ್ ಗಿರಿಜಕ್ಕ, ತೊಟ್ಟಲ ಇಟಗೊಂಡೀರಂತ. ನಮಗೇನ್ ಹೇಳಿಲ್ಲಲ್ಲ." ಕಾರ್ಡು ನೋಡಲಿಲ್ಲವೇ ಎಂದರೆ, "ಕಾರ್ಡ್ ನೋಡೇನಿ, ಭಾಳ ಛಂದ ಅದ" ಎನ್ನುತ್ತಾರೆ. ಹೋಗಲಿ, ಹಾಗಾದರೆ ಈಗ ಹೇಳುತ್ತಿದ್ದೇವೆ, ಬನ್ನಿ ಎಂದರೆ, "ಫೋನಿನ್ಯಾಗ ಹೇಳ್ತೀರೇನು?" ಎನ್ನುತ್ತಾರೆ. ಕೊನೆಗೆ ಗಿರಿಜಾ ಭರಣಿಗೆ ಕುಂಕುಮ ತುಂಬಿ ನನ್ನ ಶಾಲೆಯ ಚೀಲದಲ್ಲಿ ಇಟ್ಟಳು. "ಮನಿಯೊಳಗ ಹೋಗಿ ಕೂಡ್ರಿ. ಹೆಣ್ಣಮಕ್ಕಳ ಮುಂದ ಭರಣಿ ಹಿಡೀರಿ, ಅವರ ಹಚಗೋತಾರ. ಹೆಸರ ಹಿಡದು ಹೇಳ್ರಿ. ಚಾ ಒಲ್ಲೆ ಅನಬ್ಯಾಡ್ರಿ" ಎಂದು ಪಾಠ ಮಾಡಿ ಕಳಿಸಿದಳು. ನನಗೇ ಟೆಲ್ ಪಾಠ.

ಜೇವರ್ಗಿಯ ಮನೆಗಳನ್ನು ಸ್ಕೂಟರಿನಲ್ಲಿ ಮುಗಿಸಿದೆ. ಪ್ರತಿ ಮನೆಯಲ್ಲೂ ಚಹಾ, ಪ್ರತಿ ಚಹಾದಲ್ಲೂ ಮಾಸ್ತರರ ಮೇಲಿನ ಗೌರವಕ್ಕೆ ತಕ್ಕಷ್ಟು ಸಕ್ಕರೆ. ಶಿವರಾತ್ರಿ ಕಳೆದಿತ್ತು. ನಮ್ಮ ಕಡೆ ಶಿವರಾತ್ರಿ ಕಳೆದರೆ ಬಿಸಿಲು ನೆಂಟರ ಹಾಗೆ ಬಂದು ಕೂತು ಏಳುವುದಿಲ್ಲ. ಸಂಜೆ ಮನೆಗೆ ಬಂದಾಗ ಬಾಯೆಲ್ಲ ಪಾಕ, ತಲೆಯೆಲ್ಲ ಕೆಂಡ.

ಆಳಂದಕ್ಕೆ ಕರೆದುಕೊಂಡು ಹೋದವರು ಗಣಿತದ ಖಾಜಾ ಸರ್. ನಮ್ಮ ಶಾಲೆಯವರೇ, ಮನೆಯಲ್ಲಿ ಉರ್ದು ಮಾತಾಡುತ್ತಾರೆ, ಸಿಟ್ಟು ಬಂದರೆ ಕನ್ನಡದಲ್ಲಿ ಬೈಯುತ್ತಾರೆ. ಅವರ ಹಳೆಯ ಕಾರಿಗೆ ಎ.ಸಿ. ಇದೆ, ಆದರೆ ಅದು ಮಳೆಗಾಲದಲ್ಲಿ ಮಾತ್ರ ಕೆಲಸ ಮಾಡುತ್ತದೆ. ದಾರಿಯುದ್ದಕ್ಕೂ ನಾನು ಗೊಣಗುತ್ತಲೇ ಇದ್ದೆ. ಕಾರ್ಡು ನೋಡಿದವರಿಗೆ, ದಿನಾಂಕ ಗೊತ್ತಿದ್ದವರಿಗೆ, ಹೊಸ ಸೀರೆಗೆ ರವಿಕೆ ಹೊಲಿಸಲು ಕೊಟ್ಟವರಿಗೆ ಮತ್ತೆ ಹೋಗಿ ಹೇಳುವುದೆಂದರೆ ಯಾವ ನ್ಯಾಯ ಎಂದೆ. ಖಾಜಾ ಸರ್ ನಕ್ಕರು.

"ನಮ್ಮಲ್ಲೂ ಹಿಂಗೇ ಅದ್ರಿ ಸರ್. ನನ್ನ ತಮ್ಮನ ಶಾದಿಗಿ ನಮ್ಮ ಅಕ್ಕಗ ಫೋನ್ ಮಾಡಿ ಹೇಳಿದ್ವಿ. ಆಕಿ ಬರಲಿಲ್ಲ. ಫೋನ್ ಮೇ ಬೋಲೇ ಸೋ ಕ್ಯಾ ಬೋಲ್ನಾ ಜೀ, ಅಂದ್ಲು. ಫೋನಿನ್ಯಾಗ ಹೇಳಿದ್ದು ಒಂದು ಹೇಳೋದೇನು, ಅಂತ. ಇವತ್ತಿಗೂ ಬಿರಿಯಾನಿ ಮಾಡಿದಾಗೊಮ್ಮೆ ಅದೇ ಮಾತು ತೆಗೀತಾಳ."

ಬೀಗರ ಮನೆಯಲ್ಲಿ ಎಲ್ಲ ಕ್ರಮಬದ್ಧವಾಗಿ ನಡೆಯಿತು. ಒಳಗೆ ಹೋಗಿ ಕೂತೆ. ಬೀಗಿತ್ತಿಯ ಮುಂದೆ ಭರಣಿ ಹಿಡಿದೆ, ಹೆಸರು ಹಿಡಿದು ಹೇಳಿದೆ. ಅವರ ಅಣ್ಣತಮ್ಮಂದಿರ ಮನೆಯವರೂ ಅಲ್ಲೇ ನೆರೆದಿದ್ದರು. ಅಷ್ಟರಲ್ಲಿ ಚಹಾ ತಂದವಳು ಯಾರೆಂದು ನೋಡಿದರೆ ಮಹಾದೇವಿ. ತವರಿಗೆ ಬಂದಿದ್ದಳಂತೆ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬಿಸಿಲಿನಲ್ಲಿ ಅತನೂರಿಗೆ ಹೋಗುವುದು ತಪ್ಪಿತಲ್ಲ ಎಂದು ಉಮೇದು ಬಂದು, ಎದ್ದು ನಿಂತು, ಪಾಠ ಮಾಡುವ ದನಿಯಲ್ಲಿ, "ಎಲ್ಲಾರೂ ಬರ್ರಿ, ಒಬ್ಬರೂ ತಪ್ಪಿಸಬ್ಯಾಡ್ರಿ" ಎಂದೆ. ಹೊರಗೆ ಕಟ್ಟಿದ್ದ ಎಮ್ಮೆ ಸಹ ತಲೆ ಎತ್ತಿ ನೋಡಿತು. ಮಹಾದೇವಿ ತಟ್ಟೆ ಹಿಡಿದು ಗೋಡೆಯ ಪಕ್ಕ ನಿಂತಿದ್ದಳು. ಸಣ್ಣಗೆ ನಕ್ಕಳು ಕೂಡ.

ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಗಿರಿಜಾಳ ಪ್ರಶ್ನೆ ಬಂತು.

"ಅತನೂರಿಗಿ ಹೋಗಿದ್ರಿ?"

"ಹೋಗೋದು ಬೇಕಾಗಲಿಲ್ಲ. ಮಹಾದೇವಿ ಆಳಂದದಾಗೇ ಇದ್ದಳು. ಹೇಳಿ ಬಂದೇನಿ."

"ಆಕಿಗಿ ಹೇಳಿದ್ರೋ, ಆಕಿ ಇದ್ದಾಗ ಹೇಳಿದ್ರೋ?"

ಮೂವತ್ತು ವರ್ಷ ಸಂಸಾರ ಮಾಡಿದವಳ ಹತ್ತಿರ ವ್ಯಾಕರಣ ಮಾತಾಡಬಾರದು ಎಂಬುದು ಗೊತ್ತಿತ್ತು. ಆದರೂ ತಡೆಯಲಾರದೆ, ಅವಳಿಗೆ ಎರಡು ಕಿವಿ ಇವೆ, ನಾನು ಎಮ್ಮೆಗೆ ಕೇಳಿಸುವಂತೆ ಅಂದಿದ್ದೇನೆ ಎಂದೆ. ಗಿರಿಜಾ ಹಣೆ ಹಣೆ ಬಡಿದುಕೊಂಡಳು. "ಕೊಟ್ಟ ಹೆಣ್ಣಮಗಳಿಗಿ ತವರಮನ್ಯಾಗ ಹೇಳಿದ್ರ ಅದು ತವರಮನಿಗೇ ಹೇಳಿದಂಗಾತು. ಅತನೂರಾಗ ಆಕಿ ಅತ್ತಿ ಅದಾರ. ಅವರ ಮನಿಗಿ ಹೋಗಿ, ಅವರ ಮುಂದ, ಆಕಿ ಹೆಸರ ಹಿಡದು ಹೇಳಬೇಕು. ಇದನ್ನೂ ನಾ ಹೇಳಬೇಕೇನು ನಿಮಗ?"

ಇಂಥದ್ದನ್ನು ಯಾವ ಇಂಗ್ಲಿಷ್ ಪುಸ್ತಕವೂ ಬರೆಯುವುದಿಲ್ಲ. ಟೆಲ್ ಎಂಬ ಪದದ ಬೆನ್ನಿಗೆ ಮನುಷ್ಯರು ಬರಬೇಕು ಎಂದಷ್ಟೇ ಅವರ ನಿಯಮ. ಆ ಮನುಷ್ಯರು ಯಾವ ಮನೆಯಲ್ಲಿ ನಿಂತಿರಬೇಕು, ಅವರ ಪಕ್ಕದಲ್ಲಿ ಅತ್ತೆ ಇರಬೇಕೋ ಬೇಡವೋ ಎಂಬುದೆಲ್ಲ ನಮ್ಮ ಸೀಮೆಯವರು ಸೇರಿಸಿಕೊಂಡದ್ದು. ಇಷ್ಟು ನಿಯಮ ನೆನಪಿಡುವ ಜನ ಪರೀಕ್ಷೆಯಲ್ಲಿ "ಹಿ ಸೆಡ್ ಮಿ" ಎಂದು ಬರೆಯುತ್ತಾರಲ್ಲ, ಇವರಿಗೆ ಏನನ್ನಬೇಕು ಹೇಳಿ.

ನಾನು ಹೀಗೆ ಹಾರಾಡುತ್ತಿರುವಾಗ ಬಾಣಂತಿ ಕೋಣೆಯಿಂದ ಅಳುವ ದನಿ ಕೇಳಿಸಿತು. ಕೂಸಿನದೆಂದು ಅಂದುಕೊಂಡೆ. ಕೂಸು ಮಲಗಿತ್ತು. ಅಳುತ್ತಿದ್ದವಳು ಸುಧಾ. ಆಗತಾನೆ ಮಹಾದೇವಿಗೆ ಫೋನ್ ಮಾಡಿದ್ದಳಂತೆ. ನೀವು ಹಿಂದಿನ ದಿನವೇ ಬರಬೇಕು ವೈನಿ ಎಂದರೆ, "ನೋಡ್ತೇನವಾ, ಜ್ವಾಳದ ರಾಶಿ ಅದ" ಎಂದಳಂತೆ. ನಮ್ಮ ಕಡೆ ನೋಡ್ತೇನಿ ಎಂದರೆ ಬರುವುದಿಲ್ಲ ಎಂದೇ ಅರ್ಥ.

"ಅಪ್ಪಾ, ಬಸರಿದ್ದಾಗ ನನಗ ಅನ್ನ ಸೇರತಿರಲಿಲ್ಲ. ಯಾರೂ ಬರಲಿಲ್ಲ, ವೈನಿ ಬಂದಿದ್ಲು. ಅತನೂರಿಂದ ವಾರಕ್ಕೊಮ್ಮೆ ಬಸ್ಸಿನ್ಯಾಗ ಪುಂಡಿಪಲ್ಯ ತರತಿದ್ಲು. ಆಕಿ ಬಂದು ಹೆಸರ ಹೇಳಲಿಲ್ಲ ಅಂದ್ರ ತೊಟ್ಟಲ ಬ್ಯಾಡ" ಎಂದಳು.

ಬೇರೆ ಯಾರಾದರೂ ದೂರದ ಅತ್ತೆಯ ಕೈಲಿ ಹೇಳಿಸಿದರಾಯಿತು ಎಂದು ನನ್ನ ಬಾಯಿಗೆ ಬಂದಿತ್ತು. ಮಗಳ ಮುಖ ನೋಡಿ ನುಂಗಿಕೊಂಡೆ. ಸಿಟ್ಟು ಮಾತ್ರ ನುಂಗಲಾಗಲಿಲ್ಲ. ಚಹಾ ಕೊಟ್ಟು, ನಕ್ಕು, ಬಾಗಿಲವರೆಗೆ ಬಂದು ಕಳಿಸಿದವಳು ಈಗ ನೋಡ್ತೇನಿ ಎಂದರೆ ಹೇಗೆ? ಇಷ್ಟು ಬಿಗುಮಾನವೇ? ಮರುದಿನ ಶಾಲೆಗೆ ರಜೆ ಹಾಕಿ ಬಸ್ಸು ಹತ್ತಿದೆ. ಖಾಜಾ ಸರ್ ಅವರನ್ನು ಮತ್ತೆ ಕೇಳಲು ನಾಚಿಕೆಯಾಯಿತು. ಕಲಬುರಗಿಯಲ್ಲಿ ಇಳಿದು ಅಫಜಲಪುರದ ಬಸ್ಸಿಗಾಗಿ ನಿಂತೆ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ನಡುವೆ ನನ್ನಂಥವನಿಗೆ ಸಿಕ್ಕಿದ್ದು ಡ್ರೈವರನ ಪಕ್ಕದ ಎಂಜಿನ್ ಮುಚ್ಚಳ. ಅದರ ಮೇಲೆ ಕೂತು, ಕೆಳಗಿನಿಂದಲೂ ಮೇಲಿನಿಂದಲೂ ಬೇಯುತ್ತ, ಅತನೂರು ಬರುವವರೆಗೂ ಮಹಾದೇವಿಗೆ ಆಡಬೇಕಾದ ಚುಚ್ಚುಮಾತುಗಳನ್ನು ಸಾಲಾಗಿ ಜೋಡಿಸಿಕೊಂಡೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಮಹಾದೇವಿಯ ಅತ್ತೆ ಗುರಮ್ಮ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಮಹಾದೇವಿ ಹೊಲಕ್ಕೆ ಬುತ್ತಿ ಒಯ್ದಿದ್ದಳು, ಬರುವ ಹೊತ್ತಾಗಿತ್ತು. ಗುರಮ್ಮ ಕಂಬಳಿ ಹಾಸಿ ಕೂಡಿಸಿ ನೀರು ಕೊಟ್ಟರು. ನಾನು ಜೋಡಿಸಿಟ್ಟದ್ದನ್ನು ಅವರ ಮುಂದೆಯೇ ಬಿಚ್ಚಿದೆ. ಆಳಂದದಲ್ಲಿ ಎಲ್ಲರ ಎದುರಿಗೆ ಅಂದಿದ್ದೇನೆ, ಇವಳು ಅಲ್ಲೇ ನಿಂತಿದ್ದಳು, ತೊಟ್ಟಿಲ ಹತ್ತಿರ ಬಂದಾಗ ಇಂಥ ತಕರಾರು ಮಾಡಿದರೆ ಬಾಣಂತಿ ಹುಡುಗಿ ಅಳುತ್ತಾಳೆ, ಹೀಗೆ. ಗುರಮ್ಮ ಮೊರ ಕೆಳಗಿಟ್ಟು ಕೇಳಿಸಿಕೊಂಡರು.

"ಏನಂದ್ರಿ ಆಳಂದದಾಗ?" ಎಂದರು.

"ಎಲ್ಲಾರೂ ಬರ್ರಿ ಅಂದೇನಿ."

"ಆ ಎಲ್ಲಾರೊಳಗ ಈಕಿ ಇದ್ದಾಳೋ ಇಲ್ಲೋ ಅಂತ ಈಕಿಗಿ ಹೆಂಗ ಗೊತ್ತಾಗಬೇಕ್ರಿ ಮಾಸ್ತರ್?"

ನನಗೆ ಅರ್ಥವಾಗಲಿಲ್ಲ. ಗುರಮ್ಮ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಈಕಿಗಿ ಮಕ್ಕಳಿಲ್ಲ, ನಿಮಗ ಗೊತ್ತೇ ಅದ. ನನಗೇನೂ ಇಲ್ಲ ಅದರ ಬಗ್ಗೆ, ಮಗಳಂಗ ಇದ್ದಾಳ. ಆದ್ರ ಮಂದಿ ಹಂಗ ಇರಂಗಿಲ್ಲ. ಹ್ವಾದ ವರ್ಷ ನಮ್ಮ ಓಣ್ಯಾಗ ಒಂದು ತೊಟ್ಟಲಿತ್ತು. ಎಲ್ಲಾರೂ ಬರ್ರಿ ಅಂದಿದ್ರು. ಹೋದ್ಲು. ಕೂಸಿನ ಕಡಿ ಹೋಗತಿದ್ದಂಗ ಒಬ್ಬಾಕಿ ತೊಟ್ಟಲ ಆ ಕಡಿ ಎಳಕೊಂಡ್ಲು. ಈಕಿ ಗುಗ್ಗರಿ ಸೈತ ತಗೊಳ್ಳದ ಮನಿಗಿ ಬಂದ್ಲು. ಆವತ್ತಿನಿಂದ ಹೆಸರ ಹಿಡದು ಹೇಳದ ಮನಿಗಿ ಹೋಗಂಗಿಲ್ಲ. ಬಿಗುಮಾನ ಅಲ್ರಿ ಅದು. ಅಂಜಿಕಿ."

ಸಿಟ್ಟು ಹೋಗಿರಲಿಲ್ಲ, ಅದು ಇನ್ನೊಂದು ಕಡೆ ತಿರುಗಿತ್ತು. ಕಂಡಿಲ್ಲದ ಆ ತೊಟ್ಟಿಲನ್ನು, ಅದನ್ನು ಎಳೆದುಕೊಂಡ ಕೈಯನ್ನು ನೆನೆದು ಮೈ ಉರಿಯಿತು. ಅವಳು ತಟ್ಟೆ ಹಿಡಿದು ಗೋಡೆ ಪಕ್ಕ ನಿಂತು ನಕ್ಕ ನಗುವೂ ನೆನಪಾಯಿತು.

ಮಹಾದೇವಿ ತಲೆಯ ಮೇಲೆ ಖಾಲಿ ಬುಟ್ಟಿ ಇಟ್ಟುಕೊಂಡು ಬಂದಳು. ನನ್ನನ್ನು ಕಂಡು ಬುಟ್ಟಿ ಇಳಿಸಿ ಸೆರಗು ಸರಿಮಾಡಿಕೊಂಡು, "ಯಾವಾಗ ಬಂದ್ರಿ ಮಾವಾರ?" ಎಂದಳು. ನಾನು ಎದ್ದು ನಿಂತೆ. ಗುರಮ್ಮನ ಮುಂದೆ ಭರಣಿ ಹಿಡಿದೆ, ಅವರು ಹಚ್ಚಿಕೊಂಡರು. ಆಮೇಲೆ ಅವಳ ಮುಂದೆ ಹಿಡಿದೆ.

"ಮಹಾದೇವಿ, ರವಿವಾರ ನಮ್ಮ ಮನ್ಯಾಗ ತೊಟ್ಟಲ ಅದ. ನೀ ಬರಬೇಕು. ಕೂಸಿನ ಕಿವ್ಯಾಗ ಹೆಸರ ನೀನೇ ಹೇಳಬೇಕು."

ಅವಳು ಭರಣಿ ಮುಟ್ಟಲಿಲ್ಲ. "ಸುಧಾ ಅಂದ್ಲೇನ್ರಿ ಹಂಗ?" ಎಂದಳು.

"ಸುಧಾನೇ ಕಳಿಸ್ಯಾಳ. ನೀ ಬರಲಿಲ್ಲ ಅಂದ್ರ ತೊಟ್ಟಲ ಬ್ಯಾಡ ಅಂತ ಅಳಾಕತ್ತಾಳ."

"ನಿಮ್ಮ ಮನಿ ಹಿರ್ಯಾರು ಏನರೆ ಅಂದ್ರ?"

"ಆ ಮನಿ ಹಿರ್ಯಾವ ನಾನೇ."

ಹೇಳುವಾಗ ನನ್ನ ದನಿ ಸ್ವಲ್ಪ ಗದರಿಸಿದಂತೆಯೇ ಬಂತು, ಏನು ಮಾಡಲಿ, ಮಾಸ್ತರಿಕೆಯ ಗಂಟಲು. ಅವಳು ಉಂಗುರ ಬೆರಳನ್ನು ಕುಂಕುಮಕ್ಕೆ ಅದ್ದಿ ಹಣೆಗೆ ಇಟ್ಟುಕೊಂಡಳು. ಒಂದಿಷ್ಟು ಮೂಗಿನ ಮೇಲೆ ಉದುರಿತು. ಚಹಾ ಮಾಡುತ್ತೇನೆ ಎಂದು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಆ ದಿನದ ಚಹಾಕ್ಕೆ ಸಕ್ಕರೆಯೇ ಬಿದ್ದಿರಲಿಲ್ಲ. ಗುರಮ್ಮನೂ ನಾನೂ ಹಾಗೆಯೇ ಕುಡಿದು ಮುಗಿಸಿದೆವು.

ರವಿವಾರ ಅತ್ತೆ ಸೊಸೆ ಇಬ್ಬರೂ ಬಂದರು. ಹೆಂಗಸರು ತೊಟ್ಟಿಲ ಸುತ್ತ ನೆರೆದರು. ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕಿ ತೂಗಿ, ಅದನ್ನು ತೆಗೆದು ಕೂಸನ್ನು ಮಲಗಿಸಿದರು. ಅಳಿಯ ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದ. ಮಹಾದೇವಿ ಮುಂದೆ ಬರುತ್ತಿದ್ದಂತೆ ನಮ್ಮ ಕಡೆಯ ಒಬ್ಬ ಹಿರಿಯಳು ಗಿರಿಜಾಳ ಕಿವಿಯ ಹತ್ತಿರ, ಆದರೆ ಎಲ್ಲರಿಗೂ ಕೇಳುವಂತೆ, "ಮಕ್ಕಳಿದ್ದಾಕಿ ಯಾರರೆ ಹೆಸರ ಹೇಳಿದ್ರ ಛಲೋ ಇತ್ತಲ್ಲ" ಎಂದಳು. ಮಹಾದೇವಿ ನಿಂತಲ್ಲೇ ನಿಂತಳು. ತೊಟ್ಟಿಲ ಹಗ್ಗ ಹಿಡಿದಿದ್ದ ಕೈಗಳೆಲ್ಲ ಸುಮ್ಮನಾದವು. ನಾನು ಬಾಯಿ ತೆರೆಯುವುದರೊಳಗೆ ಗಿರಿಜಾ ಗುಗ್ಗರಿಯ ಬುಟ್ಟಿ ಎತ್ತಿ ಆ ಹಿರಿಯಳ ಮಡಿಲಿಗೇ ಇಟ್ಟಳು.

"ಹೇಳಬೇಕಾದವರಿಗಿ ಅವರ ಮನಿ ಮಟಾ ಹೋಗಿ ಹೇಳೇವ್ರಿ. ನೀವು ಗುಗ್ಗರಿ ಹಂಚರಿ."

ಸುಧಾ ತೊಟ್ಟಿಲನ್ನು ಮಹಾದೇವಿಯ ಕಡೆ ಎಳೆದು ಕೊಟ್ಟಳು. ಮಹಾದೇವಿ ಬಗ್ಗಿದಳು.

ಇದನ್ನೆಲ್ಲ ಸೋಮವಾರ ಹತ್ತನೆಯ ತರಗತಿಗೆ ಹೇಳಲು ಸಾಧ್ಯವಿತ್ತೇ? ಹೇಳಿದರೆ, ಇದ ಪರೀಕ್ಷಾದಾಗ ಬರ್ತದೇನ್ರಿ ಸರ್ ಎನ್ನುತ್ತಾರೆ. ಕರವಸ್ತ್ರಕ್ಕೆ ಕೈ ಒರೆಸಿಕೊಂಡು ಸೇ ಒಂದು ಕಡೆ, ಟೆಲ್ ಒಂದು ಕಡೆ ಬರೆದು, ಹೊಲದ ಮಳೆಯ ಉದಾಹರಣೆಯನ್ನೇ ಮತ್ತೆ ಕೊಟ್ಟೆ. ಹಿಂದಿನ ಬೆಂಚಿನಿಂದ ಅದೇ ಪ್ರಶ್ನೆ ಬಂತು. ಕೆಂಪಾದ ಉತ್ತರಪತ್ರಿಕೆಗಳನ್ನು ಹಂಚಿದೆ. ಮೇಲಿನದರಲ್ಲೇ "ಹಿ ಸೆಡ್ ಮಿ" ಎಂದಿತ್ತು. ನನ್ನ ಕೆಂಪು ಪೆನ್ನಿನ ಗೆರೆ ಕುಂಕುಮದಲ್ಲಿ ಮುಚ್ಚಿಹೋಗಿದ್ದರಿಂದ ಆ ಹುಡುಗ ಅಂಕ ಕೊಟ್ಟಿಲ್ಲ ಯಾಕೆ ಎಂದು ಜಗಳಕ್ಕೆ ಬಂದ.

ಆದರೆ ನಿಮಗೆ ಉಳಿದದ್ದನ್ನು ಹೇಳಿಬಿಡುತ್ತೇನೆ. ಹೆಂಗಸರು ಮಹಾದೇವಿಯ ಬೆನ್ನಿಗೆ ಗುದ್ದಿದರು, ಹಾಡು ಶುರುವಾಯಿತು, ಅವಳು ಏಳಲಿಲ್ಲ. ಎರಡು ಅಕ್ಷರದ ಹೆಸರಿಗೆ ಇಷ್ಟು ಹೊತ್ತೇ ಎಂದು ಅಳಿಯ ವಿಡಿಯೋ ನಿಲ್ಲಿಸಿದ. ಗುದ್ದುವವರ ಕೈ ಸೋತವು. ಆಮೇಲೆ ಎದ್ದಳು. ಊಟವೆಲ್ಲ ಮುಗಿದು ಬಸ್ಸಿಗೆ ಬಿಡಲು ಹೋದಾಗ ನಾನು ಗೊಣಗಿಕೊಂಡೇ ಕೇಳಿದೆ. ಹೆಸರು ಊರಿಗೆಲ್ಲ ಮೊದಲೇ ಗೊತ್ತಿತ್ತಲ್ಲವ್ವ, ಕೂಸಿನ ಕಿವಿಯಲ್ಲಿ ಅಷ್ಟೊತ್ತು ಏನು ಹೇಳಿದಿ ಎಂದೆ.

ಅವಳು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನೋಡಿದಳು.

"ಊರಿಗೆಲ್ಲಾ ಅಂದಿದ್ರು. ಕೂಸಿಗಿ ಯಾರೂ ಹೇಳಿರಲಿಲ್ಲಲ್ರಿ ಮಾವಾರ. ಮೊದಲ ಆಕಿ ಹೆಸರ ಹೇಳಿದೆ. ಆಮ್ಯಾಲ ನನ್ನ ಹೆಸರೂ ಹೇಳಿದೆ."